ಕಾಶಿಯ ತಲೆ ಎಣಿಸಿದವನು

ಜೇಮ್ಸ್ ಪ್ರಿನ್ಸೆಪ್ ಎಂದರೆ ನಮ್ಮ ಹಿಸ್ಟರಿ ವಿದ್ಯಾರ್ಥಿಗಳಿಗೆ ಒಂದು ಮಾರ್ಕಿನ ಪ್ರಶ್ನೆ. ಬ್ರಾಹ್ಮಿ ಲಿಪಿ ಓದಿದವನು ಯಾರು? ಪ್ರಿನ್ಸೆಪ್. ಅಲ್ಲಿಗೆ ಮುಗಿಯಿತು. ಆದರೆ ಆ ಶಾಸನಗಳ ಕಡೆ ತಿರುಗುವ ಮೊದಲು ಈ ಮನುಷ್ಯ ಹತ್ತು ವರ್ಷ ಕಾಶಿಯಲ್ಲಿದ್ದ. ಊರಿನ ಜನರನ್ನು ಎಣಿಸಿದ, ಕೊಳೆನೀರು ಹರಿಯಿಸಿದ. ನನಗೇನೋ ಆ ಹತ್ತು ವರ್ಷಗಳೇ ಹೆಚ್ಚು ರುಚಿಸುತ್ತವೆ.

ಹುಟ್ಟಿದ್ದು 1799ರಲ್ಲಿ, ಇಂಗ್ಲೆಂಡಿನಲ್ಲಿ. ಕಟ್ಟಡಶಿಲ್ಪ ಕಲಿಯಲು ಹೊರಟ ಹುಡುಗನಿಗೆ ಕಣ್ಣು ಕೈಕೊಟ್ಟಿತು. ಚಿನ್ನ ಬೆಳ್ಳಿಯ ಶುದ್ಧಿ ಪರೀಕ್ಷಿಸುವ ಕೆಲಸ ಕಲಿತು 1819ರಲ್ಲಿ ಕಲ್ಕತ್ತೆಗೆ ಬಂದ. ಮರುವರ್ಷವೇ ಬನಾರಸ್ ಟಂಕಸಾಲೆಗೆ ವರ್ಗ. ಇಪ್ಪತ್ತೊಂದರ ಹರೆಯ!

ಊರು ಹೇಗಿತ್ತು? 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ಉತ್ತರ ಹಿಂದೂಸ್ತಾನವನ್ನೆಲ್ಲ ನಡುಗಿಸಿದ ಮೇಲಿನ ದಿನಗಳು. ಊರ ನಡುವೆಯೇ ದೊಡ್ಡ ದೊಡ್ಡ ಕೆರೆಗಳು: ಮಂದಾಕಿನಿ, ಮಛೋದರಿ. ಮಳೆ ನೀರೂ ಮನೆಗಳ ಕೊಳೆಯೂ ಅಲ್ಲೇ ನಿಲ್ಲುತ್ತಿತ್ತು. ಪ್ರಿನ್ಸೆಪ್ ಮೊದಲು ಊರಿನ ನಕ್ಷೆ ಬರೆದ; ಅದು 1822ರದು. ಆಮೇಲೆ ಊರ ಸುಧಾರಣೆಯ ಸಮಿತಿಗೆ ಕಾರ್ಯದರ್ಶಿಯಾಗಿ, ಕಿಕ್ಕಿರಿದ ಮನೆಗಳ ಅಡಿಯಲ್ಲಿ ಸುರಂಗ ಕೊರೆಸಿ, ಕೆರೆಯ ನೀರನ್ನು ಗಂಗೆಗೆ ಬಿಡಿಸಿದ. ಮೇಲಿನ ಮನೆಗಳ ತಳಪಾಯ ಅಲುಗದಂತೆ ಇದನ್ನು ಮಾಡುವುದು ಹುಡುಗಾಟವೇ?

ಇಲ್ಲೊಂದು ತಮಾಷೆ ನೋಡಿ. ನಿಂತ ನೀರಿನ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಆ ಕಾಲದ ವೈದ್ಯರ ನಂಬಿಕೆ. ಸೊಳ್ಳೆಯ ಗುಟ್ಟು ರೊನಾಲ್ಡ್ ರಾಸ್‌ಗೆ ಸಿಕಂದರಾಬಾದಿನಲ್ಲಿ ಸಿಕ್ಕಿದ್ದು 1897ರಲ್ಲಿ. ಕಾರಣ ತಪ್ಪು, ಕೆಲಸ ಸರಿ. ಪೂರ್ತಿ ಸರಿ ಎನ್ನಲೂ ಆಗದು. ಮಛೋದರಿ ಬರೀ ಕೊಳಚೆಗುಂಡಿಯಲ್ಲ, ಪುರಾಣದ ಮತ್ಸ್ಯೋದರಿ ತೀರ್ಥ. ಈಗ ಅಲ್ಲಿರುವುದು ಪಾರ್ಕು. ಊರ ಕೊಳೆಗೆ ಗಂಗೆಯ ದಾರಿ ತೋರಿಸಿದ್ದೂ ಇದೇ ಬುದ್ಧಿ. ಗಂಗೆಯನ್ನು ಚೊಕ್ಕಟ ಮಾಡುವ ಸರ್ಕಾರಿ ಯೋಜನೆ ಅದೇ ಕಾಶಿಯ ಘಾಟಿನಲ್ಲಿ 1986ರಲ್ಲಿ ಶುರುವಾಯಿತು.

ಇನ್ನು ಜನಗಣತಿ. 1800ರ ಸುಮಾರಿಗೆ ಊರ ಕೊತ್ವಾಲರ ಲೆಕ್ಕದಲ್ಲಿ ಕಾಶಿಯ ಜನಸಂಖ್ಯೆ ಆರು ಲಕ್ಷದ ಹತ್ತಿರ. ಪ್ರಿನ್ಸೆಪ್‌ಗೆ ಇದು ಗಂಟಲಲ್ಲಿ ಇಳಿಯಲಿಲ್ಲ. 1828-29ರಲ್ಲಿ ಮೊಹಲ್ಲಾ ಮೊಹಲ್ಲಾ ಹಿಡಿದು, ಮನೆ, ಜಾತಿ ಎಲ್ಲ ಬರೆಸಿ ಎಣಿಸಿದರೆ ಸಿಕ್ಕಿದ್ದು ಸುಮಾರು 1,80,000! ಮೂರನೇ ಒಂದು ಪಾಲೂ ಸರಿಯಾಗಿ ಇಲ್ಲ. ಮನೆ ತೆರಿಗೆಯ ವಿರುದ್ಧ 1810-11ರಲ್ಲಿ ಅಂಗಡಿ ಬಾಗಿಲು ಹಾಕಿ ಊರಾಚೆ ಹೋಗಿ ಕೂತ ಜನ ಇವರು. ಮನೆ ಎಣಿಸಲು ಬಂದವರ ಮುಂದೆ ಎಷ್ಟು ತಲೆ ಒಪ್ಪಿಸಿದರೋ, ಎಷ್ಟು ಮುಚ್ಚಿಟ್ಟರೋ! ಆದರೂ ಲೆಕ್ಕವಿಲ್ಲದೆ ರೋಗದ ಮಾತಾಡಿ ಏನು ಫಲ? ನೂರು ಜನ ಸತ್ತರು ಎಂದರೆ, ಎಷ್ಟು ಜನರಲ್ಲಿ ನೂರು ಅಂತ ಗೊತ್ತಾಗಬೇಡವೇ? ಇಡೀ ದೇಶವನ್ನು ಒಂದೇ ಸಲಕ್ಕೆ ಎಣಿಸಲು ಸರ್ಕಾರಕ್ಕೆ 1881 ಬರಬೇಕಾಯಿತು.

ಕರ್ಮನಾಶಾ ನದಿಗೆ ಸೇತುವೆ ಕಟ್ಟಿಸಿದ, ಔರಂಗಜೇಬನ ಮಸೀದಿಯ ಮಿನಾರುಗಳನ್ನು ದುರಸ್ತಿ ಮಾಡಿಸಿದ, ಘಾಟುಗಳ ಚಿತ್ರ ಬರೆದ. 1830ರಲ್ಲಿ ಕಲ್ಕತ್ತೆಗೆ ವಾಪಸು.

1837ರಲ್ಲಿ ಬ್ರಾಹ್ಮಿ ಬಾಯಿಬಿಟ್ಟಿತು. ಮರುವರ್ಷ ಗಿರ್ನಾರ್ ಬಂಡೆಯ ಎರಡನೇ ಶಾಸನದಲ್ಲಿ ಗ್ರೀಕ್ ದೊರೆ ಆಂಟಿಯೋಕಸ್‌ನ ಹೆಸರು ಕಂಡು ವಿದ್ವಾಂಸರೆಲ್ಲ ಕುಣಿದಾಡಿದರು. ಆದರೆ ಶಾಸನದ ವಿಷಯವೇನು ಅಂತೀರಿ? ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿಯ ಗಿಡ ಇಲ್ಲದ ಕಡೆ ತರಿಸಿ ನೆಡಿಸುವುದು, ದಾರಿಯುದ್ದಕ್ಕೂ ಬಾವಿ. ಕಾಶಿಯಲ್ಲಿ ಚರಂಡಿ ತೋಡಿಸಿದವನ ಕಣ್ಣಿಗೇ ಇದು ಬೀಳಬೇಕೆ!

ಅಷ್ಟರಲ್ಲಿ ಅವನ ಮೈಯೇ ಸೋತಿತ್ತು. ವಿಪರೀತ ತಲೆನೋವು, ಬರಬರುತ್ತ ಮಿದುಳೇ ಕೆಟ್ಟಿತು. 1838ರಲ್ಲಿ ಹಡಗು ಹತ್ತಿಸಿ ಊರಿಗೆ ಕಳಿಸಿದರು. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ತೀರಿಕೊಂಡ, ನಲವತ್ತೇ ವರ್ಷ. ಕಲ್ಕತ್ತೆಯವರು ಹೂಗ್ಲಿಯ ದಡದಲ್ಲಿ ಅವನ ಹೆಸರಿಗೊಂದು ಘಾಟ್ ಕಟ್ಟಿಸಿದರು. ಗಿರ್ನಾರಿಗೆ ಹೋಗಲಾಗದವರಿಗೆ ಆ ವೈದ್ಯದ ಶಾಸನ ನಮ್ಮ ಬಳ್ಳಾರಿಯ ಆಚೆ, ಗುತ್ತಿಯ ಹತ್ತಿರದ ಎರ್ರಗುಡಿಯ ಬಂಡೆಯ ಮೇಲೂ ಇದೆ.