ಪಂಡಿತಾ ರಮಾಬಾಯಿಯವರು ಕಂಡುಕೊಂಡ ಬಿಡುಗಡೆ

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಜೀತವೆಂಬುದು ಇತ್ತು. ತಂದೆ ಮಾಡಿದ ಸಾಲಕ್ಕೆ ಮಗನು ಧಣಿಯ ಮನೆಯಲ್ಲಿ ದುಡಿಯಬೇಕಾಗಿತ್ತು. ಅಂಥ ಒಬ್ಬ ಆಳಿನ ಸಾಲವನ್ನು ಯಾರೋ ಒಬ್ಬ ದಯಾಳುವು ತೀರಿಸಿ ಪತ್ರವನ್ನು ಹರಿದುಹಾಕಿದನೆಂದು ಇಟ್ಟುಕೊಳ್ಳೋಣ. ಆದರೆ ಆ ಆಳು ಈ ಮಾತನ್ನು ನಂಬದೆ ಮರುದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಹಳೇ ಧಣಿಯ ಅಂಗಳಕ್ಕೇ ಹೋದರೆ ಅವನನ್ನು ಸ್ವತಂತ್ರನೆಂದು ಹೇಳಬಹುದೋ? ಕಾಗದದ ಪ್ರಕಾರ ಅವನು ಸ್ವತಂತ್ರನೇ ಸರಿ. ಮನಸ್ಸಿನಲ್ಲಿಯೋ ಇನ್ನೂ ಆಳೇ. ನಮ್ಮ ಸಭೆಗಳಲ್ಲಿಯೂ ದೀಕ್ಷಾಸ್ನಾನವನ್ನು ಹೊಂದಿ ಕ್ರೈಸ್ತರೆನ್ನಿಸಿಕೊಂಡು, ಭಯವನ್ನೂ ಭಾರವನ್ನೂ ಮೊದಲಿನಂತೆಯೇ ಹೊತ್ತು ನಡೆಯುವವರು ಅನೇಕರಿದ್ದಾರೆ. ಇಂಥವರ ಉಪಯೋಗಕ್ಕಾಗಿ, ಕನ್ನಡನಾಡಿನ ಬೆಟ್ಟಗಳಲ್ಲಿ ಹುಟ್ಟಿ ಜಗತ್ಪ್ರಸಿದ್ಧರಾದ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯಸ್ಥಳದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತ ಕಲಿಸಬಾರದೆಂಬ ಆ ದಿನಗಳಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಕಲಿಸಿದರು. ಇದಕ್ಕೆ ಸ್ವಜನರಿಂದ ಬಂದ ವಿರೋಧವನ್ನು ತಾಳಿ, ಕಾಡಿನಲ್ಲಿ ಮನೆ ಕಟ್ಟಿ ವಿದ್ಯಾರ್ಥಿಗಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತಿದ್ದರು. ರಮಾಬಾಯಿಯವರಿಗೆ ಆರು ತಿಂಗಳಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು; ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನಿಳಿದರು. ಆ ಯಾತ್ರೆಯು ವರ್ಷಗಟ್ಟಲೆ ನಿಲ್ಲಲಿಲ್ಲ. ತಾಯಿಯು ಮಗಳಿಗೆ ದಾರಿಯಲ್ಲಿಯೇ ಪಾಠ ಹೇಳಿದರು. ಹೀಗೆ ಬಾಲ್ಯದಲ್ಲಿಯೇ ಭಾಗವತದ 18,000 ಶ್ಲೋಕಗಳು ರಮಾಬಾಯಿಯವರಿಗೆ ಕಂಠಪಾಠವಾದವು. ಊರೂರು ತಿರುಗಿದ್ದರಿಂದ ಕನ್ನಡ, ಹಿಂದೂಸ್ತಾನಿ ಮುಂತಾದ ಭಾಷೆಗಳೂ ಬಂದವು.

ಸವದತ್ತಿಯ ಗುಡ್ಡಕ್ಕೆ ಹುಣ್ಣಿಮೆಯ ಕಾಲದಲ್ಲಿ ಹರಕೆ ಹೊತ್ತು ಹೋಗುವ ಜನರನ್ನು ನಾವು ಕಂಡಿದ್ದೇವೆ. ಅವರ ಕಾಲುಗಳ ಬೊಬ್ಬೆಯನ್ನೂ ಕಣ್ಣುಗಳ ಹಂಬಲವನ್ನೂ ಬಲ್ಲವರು ಯಾರೂ ಅವರನ್ನು ಹಾಸ್ಯ ಮಾಡರು. ಅಂಥ ಹಂಬಲವೇ ಈ ಕುಟುಂಬದಲ್ಲಿತ್ತು. ಅವರು ಉಪವಾಸಗಳನ್ನು ಮಾಡಿದರು, ಪವಿತ್ರವೆಂದು ಎಣಿಸಿದ ನದಿಗಳಲ್ಲಿ ಸ್ನಾನ ಮಾಡಿದರು, ಕೂಡಿಟ್ಟ ಹಣವನ್ನೆಲ್ಲಾ ದಾನ ಮಾಡಿದರು. 1870ರ ಅನಂತರ ಬಂದ ಬರಗಾಲದಲ್ಲಿ ಕೈಯಲ್ಲಿ ಏನೂ ಉಳಿಯಲಿಲ್ಲ. ಕೂಲಿಯ ಕೆಲಸ ತಿಳಿಯದು, ಬೇಡಲು ಮನಸ್ಸು ಬಾರದು. ಹನ್ನೊಂದು ದಿನ ಕಾಡಿನಲ್ಲಿ ಎಲೆಗಳನ್ನೂ ಕಾಡುಹಣ್ಣುಗಳನ್ನೂ ತಿಂದು ಜೀವ ಹಿಡಿದರು. ಆಗ ಮಗನಾದ ಶ್ರೀನಿವಾಸನು ಮಾನವನ್ನು ಬಿಟ್ಟು ಕೂಲಿ ಮಾಡುವೆನೆಂದು ಮುಂದಾದನು, ಆದರೆ ತಡವಾಗಿತ್ತು. ಮೊದಲು ತಂದೆ, ಬಳಿಕ ತಾಯಿ, ಆ ಮೇಲೆ ಅಕ್ಕ, ಕೆಲವೇ ತಿಂಗಳುಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಾಯುವ ಹೊತ್ತಿನಲ್ಲಿ ತಂದೆಯು ಕಿರಿಯ ಮಗಳನ್ನು ತಬ್ಬಿಕೊಂಡು, ದೇವರ ಸೇವೆಯನ್ನು ಎಂದಿಗೂ ಬಿಡಬೇಡವೆಂದು ಅಪ್ಪಣೆ ಕೊಟ್ಟಿದ್ದರು. ಯಾವ ದೇವರು, ಎಂಥ ಸೇವೆ ಎಂಬುದು ಆ ಹುಡುಗಿಗೆ ಇನ್ನೂ ತಿಳಿಯದಾಗಿತ್ತು.

ಉಳಿದ ಅಣ್ಣತಂಗಿಯರಿಬ್ಬರೂ ನಾಲ್ಕು ಸಾವಿರ ಮೈಲುಗಳಷ್ಟು ದೂರ ಕಾಲುನಡೆಯಾಗಿ ಉತ್ತರ ಹಿಂದೂಸ್ಥಾನವನ್ನು ಸುತ್ತಿದರು. ಒಂದು ಹಿಡಿ ಕಾಳನ್ನು ನೆನೆಯಿಟ್ಟು ಉಪ್ಪು ಹಾಕಿ ತಿಂದ ದಿನಗಳುಂಟು. ಪಂಜಾಬದ ಝೇಲಂ ನದಿಯ ದಂಡೆಯಲ್ಲಿ ಹೊದಿಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಗೋರಿಯಂಥ ಗುಂಡಿಗಳನ್ನು ತೋಡಿ ಕುತ್ತಿಗೆಯವರೆಗೂ ಮರಳನ್ನು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಇಷ್ಟು ಕಷ್ಟಪಟ್ಟರೂ ಮನಸ್ಸಿಗೆ ಸಮಾಧಾನವು ಸಿಕ್ಕಲಿಲ್ಲವಾದ ಕಾರಣ ಅವರ ಮೊದಲಿನ ನಂಬಿಕೆಯು ಕುಂದಿತು. 1878ರಲ್ಲಿ ಕಲ್ಕತ್ತಾಕ್ಕೆ ಬಂದಾಗ ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ಕನ್ಯೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಬಿರುದು ಬಂತು, ಕೀರ್ತಿ ಬಂತು; ಶಾಂತಿ ಬರಲಿಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಜಾತಿಯ ಕಟ್ಟನ್ನು ಬಿಟ್ಟು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧವಿಯವರನ್ನು ವಿವಾಹವಾದರು. ಅಸ್ಸಾಮದ ಸಿಲ್ಚಾರಿನ ಮನೆಯಲ್ಲಿ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತು, ಆಸೆಯಿಂದ ಓದಿದರು. 1881ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ ಆಕೆಯು ವಿಧವೆ. ಕಂಕುಳಲ್ಲಿ ಒಂದು ಕೂಸು.

ಪುಣೆಗೆ ಬಂದು ಸ್ತ್ರೀಯರ ಏಳಿಗೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ಮೇಲೆ, 1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬಲ್ಲಿಯ ಕ್ರೈಸ್ತ ಸಹೋದರಿಯರ ಮಠದಲ್ಲಿ ಇಳಿದುಕೊಂಡರು. ಈ ಸಹೋದರಿಯರು ಲಂಡನ್ನಿನ ಫುಲ್ಹಾಮಿನಲ್ಲಿ, ಕೆಟ್ಟ ದಾರಿಗೆ ಬಿದ್ದ ಹೆಂಗಸರನ್ನು ಪ್ರೀತಿಯಿಂದ ಕರೆತಂದು ಮರಳಿ ಒಳ್ಳೇ ಜೀವಿತಕ್ಕೆ ತರುತ್ತಿದ್ದರು. ರಮಾಬಾಯಿಯವರು ಇದನ್ನು ನೋಡಿ ಆಶ್ಚರ್ಯಪಟ್ಟು, ಲೋಕವೇ ದೂರ ಮಾಡಿದವರ ಮೇಲೆ ಇಷ್ಟು ಕರುಣೆ ಯಾಕೆಂದು ಕೇಳಿದರು. ಉತ್ತರವಾಗಿ ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯಲ್ಲಿರುವ ಸಮಾರ್ಯದ ಸ್ತ್ರೀಯ ಸಂಗತಿಯನ್ನು ಓದಿ ತಿಳಿಸಿದಳು. ಬಾವಿಯ ಕಟ್ಟೆಯ ಮೇಲೆ ಕೂತು, ಊರವರು ಹೀನಳೆಂದೆಣಿಸಿದ ಹೆಂಗಸಿನ ಕೂಡ ಮಾತಾಡಿ ಅವಳಿಂದಲೇ ನೀರು ಕೇಳಿದ ಕರ್ತನನ್ನು ಪಂಡಿತೆಯು ಅಲ್ಲಿ ಕಂಡಳು. ನಮ್ಮ ಹಳ್ಳಿಗಳಲ್ಲಿ ಬಾವಿಯೆಂದರೆ ಏನೆಂಬದನ್ನು, ಅದರ ಬಳಿಯಿಂದ ಯಾರನ್ನು ದೂರವಿಟ್ಟಿದ್ದರೆಂಬದನ್ನು ಬಲ್ಲ ನಮಗೆ ಆ ಕಥೆಯ ಬಲವನ್ನು ವಿವರಿಸಬೇಕಾಗಿಲ್ಲ. 1883ನೆಯ ಸಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ಇಲ್ಲಿಗೆ ಕಥೆಯು ಮುಗಿಯಿತೆಂದು ಅನೇಕರು ಎಣಿಸುತ್ತಾರೆ. ಆದರೆ ಮುಖ್ಯ ಸಂಗತಿಯು ಇನ್ನು ಮುಂದೆಯೇ ಇದೆ. ದೀಕ್ಷಾಸ್ನಾನದ ಬಳಿಕ ಸುಮಾರು ಎಂಟು ವರ್ಷ ರಮಾಬಾಯಿಯವರ ಹೃದಯಕ್ಕೆ ವಿಶ್ರಾಂತಿ ಇರಲಿಲ್ಲ. ಅವರ ಬುದ್ಧಿಯು ಕ್ರೈಸ್ತ ಮತವನ್ನು ಒಪ್ಪಿತ್ತು. ನಾನಾ ಸಭೆಗಳ ನಾನಾ ಬೋಧನೆಗಳನ್ನು ತೂಗಿ ನೋಡಿದರು, ಗುರುಗಳ ಕೂಡ ವಾದಿಸಿದರು, ತಾವು ನಂಬದ ಮಾತನ್ನು ಯಾರ ದಾಕ್ಷಿಣ್ಯಕ್ಕೂ ನಂಬಿದೆನೆಂದು ಹೇಳಲಿಲ್ಲ. ಅಮೇರಿಕಕ್ಕೆ ಹೋಗಿ, ನಮ್ಮ ದೇಶದ ವಿಧವೆಯರ ದುಃಖವನ್ನು ತಿಳಿಸುವ ಪುಸ್ತಕವನ್ನು 1887ರಲ್ಲಿ ಪ್ರಕಟಿಸಿ, ಅಲ್ಲಿಯವರ ಸಹಾಯದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಹೊರಗೆ ಇಷ್ಟು ಕೆಲಸ. ಒಳಗೆ ಅದೇ ಹಳೇ ಭಾರ. ಮೊದಲು ನದಿಗಳಿಗೂ ವ್ರತಗಳಿಗೂ ನಡೆದು ಪುಣ್ಯವನ್ನು ಸಂಪಾದಿಸಲು ಪ್ರಯತ್ನಿಸಿದಂತೆಯೇ, ಈಗ ಆಚಾರಗಳಿಂದಲೂ ಸತ್ಕಾರ್ಯಗಳಿಂದಲೂ ದೇವರ ಮೆಚ್ಚಿಕೆಯನ್ನು ಸಂಪಾದಿಸುವ ದಾರಿಯಲ್ಲಿಯೇ ಅವರು ಇದ್ದರು. ದಾರಿಯ ಹೆಸರು ಬದಲಾಗಿತ್ತು, ಹೊರೆ ಬದಲಾಗಿರಲಿಲ್ಲ.

ಆ ಸಮಯದಲ್ಲಿ ಹಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಚರಿತ್ರೆಯು ಅವರಿಗೆ ದೊರೆಯಿತು. ಈ ಪಾದ್ರಿಯು ವರ್ಷಗಟ್ಟಲೆ ಇತರರಿಗೆ ಬೋಧಿಸಿದ ಮೇಲೆ 1851ರಲ್ಲಿ, ತನ್ನ ಸ್ವಂತ ಸಭೆಯಲ್ಲಿ ಪ್ರಸಂಗ ಮಾಡುತ್ತಿರುವಾಗಲೇ, ತಾನು ಬೋಧಿಸುವ ಕರ್ತನನ್ನು ತಾನೇ ಕಂಡುಕೊಂಡವನು. ಇದನ್ನು ಓದಿದಾಗ ರಮಾಬಾಯಿಯವರಿಗೆ ತಮ್ಮ ಕೊರತೆಯು ಗೊತ್ತಾಯಿತು. ತಾವು ಕ್ರೈಸ್ತ ಮತವನ್ನು ಕಂಡುಕೊಂಡಿದ್ದರೂ, ಆ ಮತದ ಜೀವವಾದ ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲವೆಂದು ತಿಳಿದುಕೊಂಡರು. ತಾವು ಉತ್ತಮರಾದ ಮೇಲೆ ಆತನ ಬಳಿಗೆ ಹೋಗುವದಲ್ಲ, ಇದ್ದ ಹಾಗೆಯೇ ಹೋಗಬೇಕು. ತೀರಿಸುವದಕ್ಕೆ ಸಾಲವು ಉಳಿದಿಲ್ಲ, ನಂಬುವದಷ್ಟೇ ಉಳಿದಿದೆ ಎಂದು ಅರಿತು, ವಾದವನ್ನೂ ಸ್ವಪ್ರಯತ್ನವನ್ನೂ ಬಿಟ್ಟು ತಮ್ಮನ್ನು ಸಂಪೂರ್ಣವಾಗಿ ಆತನ ಕೈಗೆ ಒಪ್ಪಿಸಿಕೊಟ್ಟರು. ನಾಲ್ಕು ಸಾವಿರ ಮೈಲು ನಡೆದು ದೊರೆಯದ ಸಮಾಧಾನವು ನಿಂತಲ್ಲಿಯೇ ದೊರೆಯಿತು.

ಮರವನ್ನು ಫಲದಿಂದ ತಿಳಿಯತಕ್ಕದ್ದು. ಮೊದಲ ಶೋಧನೆಯು ಬೇಗನೇ ಬಂತು. ಸದನವು ಪುಣೆಗೆ ಬಂದಿತ್ತು. ರಮಾಬಾಯಿಯವರು ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಮನಸ್ಸುಳ್ಳ ಹುಡುಗಿಯರು ಬಂದು ಕೂಡ್ರುತ್ತಿದ್ದರು. ಯಾರನ್ನೂ ಬಲಾತ್ಕಾರದಿಂದ ಕರೆಯಲಿಲ್ಲ, ಬಂದವರನ್ನು ತಡೆಯಲೂ ಇಲ್ಲ. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದು, ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಪೋಷಕರು ಕರೆದೊಯ್ದರು. ಗಣ್ಯ ಸಲಹೆಗಾರರು ಕೈಬಿಟ್ಟರು. ಬಾಗಿಲನ್ನು ಮುಚ್ಚಿಕೊಂಡಿದ್ದರೆ ಕೀರ್ತಿಯು ಉಳಿಯುತ್ತಿತ್ತು. ಆದರೆ ಮನುಷ್ಯರ ಹೊಗಳಿಕೆಯ ಜೀತದಿಂದ ಬಿಡುಗಡೆಯಾದವರಿಗೆ ಆ ಆಶೆ ಎಲ್ಲಿಯದು?

1896ರಲ್ಲಿ ಮಧ್ಯಪ್ರಾಂತದಲ್ಲಿ ಘೋರ ಬರ ಬಿತ್ತು. ಹಿಂದೆ ತಾವೇ ಎಲೆ ತಿಂದ ದಿನಗಳನ್ನು ನೆನಸಿ ಅವರು ಅಲ್ಲಿಗೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ ಸುಮಾರು ಮುನ್ನೂರು ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಕೊಂಡಿದ್ದ ಹೊಲವೇ ಅವರ ಆಶ್ರಯವಾಯಿತು. ಆ ಸ್ಥಳಕ್ಕೆ ಮುಕ್ತಿ ಎಂಬ ಹೆಸರಿಟ್ಟರು. 1900ರ ಗುಜರಾತಿನ ಬರದ ಬಳಿಕ ಅಲ್ಲಿದ್ದವರ ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂತು. ಹೊಲಗೆಲಸ, ನೇಯಿಗೆ, ಎಣ್ಣೆಗಾಣ, ಹೈನು, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ಮಾಡಿದರು. ಕುರುಡಿಯರು ಬೆರಳುಗಳಿಂದ ಓದಲು ಕಲಿತರು. ಇಷ್ಟು ಬಾಯಿಗಳಿಗೆ ಅನ್ನ ಹಾಕುವಷ್ಟು ಗೊತ್ತಾದ ವರಮಾನವು ಇರಲಿಲ್ಲ. ಅಗತ್ಯವನ್ನು ದೇವರಿಗೆ ತಿಳಿಸಿ ನಂಬಿ ಕೆಲಸ ಮಾಡುವದೇ ಅವರ ಪದ್ಧತಿಯಾಗಿತ್ತು.

ಅವರು ಕನ್ನಡನಾಡನ್ನು ಮರೆಯಲಿಲ್ಲ. 1910ರ ದಶಕದಲ್ಲಿ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ, ಮಗಳು ಮನೋರಮೆಯ ಮೂಲಕ ಒಂದು ಶಾಲೆಯನ್ನು ನಡಿಸಿದರು. ವಯಸ್ಸಾಗಿ ಕಿವಿಯು ಮಂದವಾಗಿದ್ದರೂ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸುಲಭವಾದ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. 1921ರ ಜುಲೈಯಲ್ಲಿ ಮನೋರಮೆಯು ತಾಯಿಗಿಂತ ಮುಂಚೆಯೇ ತೀರಿಕೊಂಡಳು. ಸೇವೆಯನ್ನು ಯಾರ ಕೈಗೆ ಒಪ್ಪಿಸಬೇಕೆಂದಿದ್ದರೋ ಆಕೆಯೇ ಹೋದಳು. ಹಾಗಾದರೂ ತಾಯಿಯು ಸತ್ಯವೇದದ ಕೆಲಸವನ್ನು ಕೈಬಿಡದೆ ಮುಗಿಸಿ, 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಕೇಡಗಾಂವದ ಮುಕ್ತಿ ಮಿಶನ್ನು ಇಂದಿಗೂ ನಡೆಯುತ್ತಿದೆ. 1989ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ವಾಚಕರೇ, ಅಷ್ಟು ವಿದ್ಯೆಯುಳ್ಳವರಿಗೂ ವಿದ್ಯೆಯಿಂದ ಬಿಡುಗಡೆಯಾಗಲಿಲ್ಲ. ಅಷ್ಟು ಸತ್ಕಾರ್ಯ ಮಾಡಿದವರಿಗೂ ಸತ್ಕಾರ್ಯದಿಂದ ಸಮಾಧಾನವಾಗಲಿಲ್ಲ. ಹಾಗಾದರೆ ಓದು ಬಾರದ ನಮ್ಮ ತಾಯಂದಿರೂ ಹೊಲದಲ್ಲಿ ದುಡಿಯುವ ನಮ್ಮ ಸಹೋದರರೂ ಧೈರ್ಯಗೆಡಬೇಕಾಗಿಲ್ಲ. ಪಂಡಿತೆಯು ಕಡೆಗೆ ಪ್ರವೇಶಿಸಿದ ಬಾಗಿಲು ಕೂಸಿಗೂ ಎತ್ತರವಲ್ಲ. ನಮ್ಮ ಹೆಸರು ಸಭೆಯ ಪುಸ್ತಕದಲ್ಲಿದೆ. ನಮ್ಮ ಭಾರವು ಯಾರ ಹೆಗಲ ಮೇಲಿದೆ? ಈ ರಾತ್ರಿ ದೀಪವನ್ನು ಆರಿಸುವ ಮೊದಲು ನಾವು ಒಬ್ಬೊಬ್ಬರೂ ಇದನ್ನು ಕೇಳಿಕೊಂಡು, ಅದನ್ನು ಹೊರಲು ಶಕ್ತನಾದಾತನಿಗೆ ಒಪ್ಪಿಸಿಕೊಡೋಣ. ನಾಳೆ ಕೋಳಿ ಕೂಗಿದಾಗ ಹಳೇ ಧಣಿಯ ಅಂಗಳಕ್ಕೆ ಹೋಗುವ ಅವಶ್ಯವಿಲ್ಲ.