ಹಕ್ಕಿಗಳ ಒಡನಾಡಿ ಸಲೀಂ ಅಲಿ

ಭಾರತದ ಪಕ್ಷಿಸಂಕುಲವನ್ನು ಕುರಿತ ಅರಿವನ್ನು ವಿದ್ವಾಂಸರ ಕೊಠಡಿಯಿಂದ ಜನಸಾಮಾನ್ಯರ ಅಂಗಳಕ್ಕೆ ತಂದ ಕೀರ್ತಿ ಸಲೀಂ ಅಲಿಯವರಿಗೆ ಸಲ್ಲುತ್ತದೆ. ಅವರ ಸುದೀರ್ಘ ಸಾಧನೆಗೆ ನಾಂದಿಯಾದುದು ಒಂದು ಪುಟ್ಟ ಗುಬ್ಬಿ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಅಕ್ಕರೆಯಿಂದ ಸಾಕಿದರು. ಮಾವನವರು ಬೇಟೆಯಲ್ಲಿ ಆಸಕ್ತರು. ಬಾಲಕನಿಗೂ ಆಟದ ಗಾಳಿಕೋವಿಯಿಂದ ಗುಬ್ಬಿಗಳನ್ನು ಹೊಡೆಯುವ ಚಟವಿತ್ತು. ಸುಮಾರು ಹತ್ತು ವರ್ಷದವನಾಗಿದ್ದಾಗ ಅವನು ಹೊಡೆದು ಕೆಡವಿದ ಒಂದು ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಾಣಿಸಿತು. ಅದು ಯಾವ ಹಕ್ಕಿಯೆಂಬುದು ಮಾವನವರಿಗೂ ತಿಳಿಯಲಿಲ್ಲ. ಅವರು ಬಾಲಕನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಅವರಲ್ಲಿಗೆ ಕಳುಹಿಸಿದರು. ಮಿಲಾರ್ಡರು ಅದನ್ನು ಹಳದಿ ಕತ್ತಿನ ಗುಬ್ಬಿಯೆಂದು ಗುರುತಿಸಿದುದಲ್ಲದೆ, ಸಂಘದಲ್ಲಿ ಕಾಪಾಡಿದ್ದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಕೊಲ್ಲುವ ಕುತೂಹಲ ಅಂದಿನಿಂದ ಅರಿಯುವ ಕುತೂಹಲವಾಗಿ ಮಾರ್ಪಡತೊಡಗಿತು.

ತಾರುಣ್ಯದಲ್ಲಿ ಸಲೀಂ ಅಲಿಯವರು ಮನೆತನದ ವ್ಯವಹಾರಕ್ಕಾಗಿ ಬರ್ಮಾಕ್ಕೆ ಹೋದರು. ಆದರೆ ಅವರ ಮನಸ್ಸು ಲೆಕ್ಕಪುಸ್ತಕಕ್ಕಿಂತ ಕಾಡಿನ ಹಕ್ಕಿಗಳಲ್ಲಿಯೇ ನೆಟ್ಟಿತ್ತು. 1918ರಲ್ಲಿ ಅವರು ತೆಹಮೀನಾರನ್ನು ವಿವಾಹವಾದರು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕರ ಹುದ್ದೆ ದೊರೆಯಿತು. ಹೆಚ್ಚಿನ ಅಧ್ಯಯನಕ್ಕಾಗಿ ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಸ್ಟ್ರೆಸ್‌ಮನ್ ಎಂಬ ಪ್ರಖ್ಯಾತ ಪಕ್ಷಿವಿಜ್ಞಾನಿಯ ಬಳಿ ಶಿಕ್ಷಣ ಪಡೆದರು. 1930ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಹಣದ ಅಭಾವದಿಂದ ಆ ಹುದ್ದೆಯೇ ರದ್ದಾಗಿತ್ತು.

ನಿರುದ್ಯೋಗಿಯಾದರೂ ಅವರು ಎದೆಗುಂದಲಿಲ್ಲ. ಮುಂಬಯಿಯ ಆಚೆ ಕಡಲತೀರದ ಕಿಹೀಮ್ ಎಂಬ ಹಳ್ಳಿಯಲ್ಲಿ ಪತ್ನಿಯೊಡನೆ ನೆಲೆಸಿದರು. ಮನೆಯ ಸಮೀಪದಲ್ಲಿಯೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಸಲೀಂ ಅಲಿಯವರು ಮರೆಯಲ್ಲಿ ಕುಳಿತು ತಿಂಗಳುಗಟ್ಟಲೆ ಅವುಗಳ ಬಾಳನ್ನು ವೀಕ್ಷಿಸಿದರು. ಗಂಡು ಗೀಜಗ ಹುಲ್ಲಿನ ಎಳೆಗಳನ್ನು ಹೆಣೆದು ಗೂಡನ್ನು ಅರ್ಧದವರೆಗೆ ಕಟ್ಟುತ್ತದೆ. ಆಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಗೂಡು ಒಪ್ಪಿಗೆಯಾದರೆ ಅಲ್ಲಿ ನೆಲೆಸುತ್ತದೆ, ಇಲ್ಲವಾದರೆ ಹಾರಿಹೋಗುತ್ತದೆ. ಒಪ್ಪಿದ ಗೂಡನ್ನು ಗಂಡು ಪೂರ್ಣಗೊಳಿಸಿ, ಹೆಣ್ಣು ಮೊಟ್ಟೆಗಳಿಗೆ ಕಾವು ಕೊಡುತ್ತಿರುವಾಗ ಇನ್ನೊಂದು ಗೂಡಿಗೆ ಕೈಹಚ್ಚಿ ಮತ್ತೊಂದು ಹೆಣ್ಣನ್ನು ಆಹ್ವಾನಿಸುತ್ತದೆ. ಕಣ್ಣೆದುರಿಗೇ ಇದ್ದರೂ ಯಾರೂ ಸರಿಯಾಗಿ ಅರಿಯದಿದ್ದ ಈ ಸಂಗತಿಯನ್ನು ವಿವರಿಸಿದ ಪ್ರಬಂಧ ಅವರಿಗೆ ವಿದ್ವಾಂಸರ ಮನ್ನಣೆಯನ್ನು ತಂದಿತು.

ಮುಂದೆ ಅವರು ಹೈದರಾಬಾದ್, ತಿರುವಾಂಕೂರು ಮೊದಲಾದ ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆ ಕೈಗೊಂಡರು. ತೆಹಮೀನಾ ಅವರು ಕಾಡುಮೇಡುಗಳ ಕಷ್ಟದಲ್ಲಿ ನೆರಳಿನಂತೆ ಜೊತೆಗಿದ್ದರು. 1939ರಲ್ಲಿ ಅವರು ಶಸ್ತ್ರಚಿಕಿತ್ಸೆಯ ತರುವಾಯ ಅನಿರೀಕ್ಷಿತವಾಗಿ ತೀರಿಕೊಂಡರು. ಈ ಆಘಾತದಿಂದ ತತ್ತರಿಸಿದ ಸಲೀಂ ಅಲಿಯವರು ಕೆಲಸದಲ್ಲಿಯೇ ಸಮಾಧಾನವನ್ನು ಅರಸಿದರು. ಅದೇ ವರ್ಷ ಮೈಸೂರು ಸಂಸ್ಥಾನದ ಸಮೀಕ್ಷೆ ಆರಂಭವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅವುಗಳ ರಕ್ಷಣೆಗೆ ಮೈಸೂರು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1942ರಲ್ಲಿ ಯುದ್ಧದ ಕಾರಣ ಮಲಯದಿಂದ ಭಾರತಕ್ಕೆ ಬಂದ ಲೋಕ್ ವಾನ್ ಥೋ ಅವರ ಆಪ್ತರಾದರು. ಲೋಕ್ ಅವರು ಹಕ್ಕಿಗಳ ಛಾಯಾಗ್ರಹಣದಲ್ಲಿ ನಿಷ್ಣಾತರು. ಗೂಡಿನ ಹತ್ತಿರ ಮರೆ ಕಟ್ಟಿ, ಹಕ್ಕಿ ಭಯ ಮರೆಯುವವರೆಗೆ ಅಲುಗಾಡದೆ ಕುಳಿತು, ಸಹಜ ಭಂಗಿಯಲ್ಲಿಯೇ ಅದರ ಚಿತ್ರ ತೆಗೆಯುವುದು ಕಠಿಣ ಸಾಧನೆ. ಗೀಜಗದ ಮುಂದೆ ತಿಂಗಳುಗಟ್ಟಲೆ ಕುಳಿತಿದ್ದವರಿಗೆ ಆ ತಾಳ್ಮೆಯ ಬೆಲೆ ತಿಳಿದಿತ್ತು. ಹಲವು ಯಾತ್ರೆಗಳಲ್ಲಿ ಒಬ್ಬರ ಟಿಪ್ಪಣಿ ಪುಸ್ತಕಕ್ಕೆ ಇನ್ನೊಬ್ಬರ ಕ್ಯಾಮರಾ ಪೂರಕವಾಯಿತು. 1964ರಲ್ಲಿ ಲೋಕ್ ಅವರು ವಿಮಾನ ಅಪಘಾತದಲ್ಲಿ ಮಡಿಯುವವರೆಗೂ ಈ ಸ್ನೇಹ ಉಳಿಯಿತು.

1941ರಲ್ಲಿ ಪ್ರಕಟವಾದ ಭಾರತೀಯ ಹಕ್ಕಿಗಳ ಪುಸ್ತಕವು ಸಹಸ್ರಾರು ಓದುಗರಿಗೆ ಹಕ್ಕಿಗಳನ್ನು ಗುರುತಿಸುವ ಕಣ್ಣನ್ನು ನೀಡಿತು. ಡಿಲನ್ ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಮಹಾಗ್ರಂಥ 1974ರಲ್ಲಿ ಪೂರ್ಣಗೊಂಡಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂದಿತು. 1987ರ ಜೂನ್ 20ರಂದು, ತೊಂಬತ್ತು ವರ್ಷಗಳ ತುಂಬು ಬಾಳಿನ ನಂತರ, ಅವರು ಕಣ್ಮುಚ್ಚಿದರು.

ತಿಳಿಯದುದನ್ನು ತಿಳಿಯಲೇಬೇಕೆಂಬ ಹಂಬಲವೊಂದು ಸಾಮಾನ್ಯ ಬಾಲಕನನ್ನು ಎಷ್ಟು ಎತ್ತರಕ್ಕೆ ಏರಿಸಬಲ್ಲುದೆಂಬುದಕ್ಕೆ ಸಲೀಂ ಅಲಿಯವರ ಜೀವನವೇ ನಿದರ್ಶನ.