ಮ್ಯೂಸಿಯಂ ಪಕ್ಕದ ವೆಂಕಟಪ್ಪನವರು

ನಮ್ಮ ಹೊಸರಿತ್ತಿ, ಹಾವೇರಿ ಕಡೆಯಿಂದ ಬೆಂಗಳೂರಿಗೆ ಟ್ರಿಪ್ ಹೋದ್ರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡದೆ ಬರೋದಿಲ್ಲ. ಇಂಜಿನಿಯರಿಂಗ್ ಓದೋ ನಾವಂತೂ ಯಂತ್ರಗಳ ಮುಂದೇ ನಿಂತುಬಿಡ್ತೀವಿ. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ ಇದೆ, ಅದರೊಳಗೆ ಮಾತ್ರ ಹೋಗೋದಿಲ್ಲ.

ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ನಂದಲಾಲ್ ಬೋಸ್ ಅಲ್ಲಿ ಇವರ ಜೊತೆಗಾರರು. ವಾಪಸ್ ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಹೆಸರು ತಂದದ್ದು ಊಟಿಯ ಜಲವರ್ಣ ಚಿತ್ರಗಳು. ಮಂಜನ್ನು ಬಣ್ಣದಲ್ಲಿ ಹಿಡಿಯೋದು ಅಂದ್ರೆ ಸುಮ್ನೆ ಅಲ್ಲ, ಕುಂಚದಲ್ಲಿ ನೀರು ಸ್ವಲ್ಪ ಹೆಚ್ಚಾದರೂ ಚಿತ್ರ ಕೆಟ್ಟಿತು.

ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ಕೆಲಸ ನಿಂತಿತು. ಬೇರೆಯವರಾಗಿದ್ರೆ ತೆಪ್ಪಗಿರ್ತಿದ್ದರು. ಇವರು ಕೋರ್ಟಿಗೆ ಹೋದರು. ನಮಗೆ ಹಿಡಿಸಿದ್ದು ಇದೇ ನೋಡ್ರಿ: ಓದಿಸಿದ ಅರಮನೆಯನ್ನೇ ತಮ್ಮ ದುಡಿಮೆಯ ಲೆಕ್ಕ ಕೇಳೋ ಧೈರ್ಯ.

ಆಮೇಲೆ ಬೆಂಗಳೂರಿನಲ್ಲೇ ಇದ್ದರು. ಮದುವೆ ಆಗಲಿಲ್ಲ. 1965ರಲ್ಲಿ ತೀರಿಹೋದರು. ಅವರ ಹೆಸರಿನ ಚಿತ್ರಶಾಲೆ ಆದದ್ದು ಅದಾದ ಮೇಲೆ, ಅವರು ಅದನ್ನ ನೋಡಲೇ ಇಲ್ಲ. ಮುಂದಿನ ಟ್ರಿಪ್‌ನಲ್ಲಿ ಯಂತ್ರಗಳನ್ನ ನೋಡಿದ ಮೇಲೆ ಅರ್ಧ ಗಂಟೆ ಉಳಿಸಿಕೊಳ್ಳೋಣ.